ನಾಲ್ಕು ಮಾರು ದೂರ

ಬೆಂಗಳೂರು
೧೨ ಫೆಬ್ರವರಿ ೧೯೪೩

ಲೇ ನಯಾಜ,

ಈ ಕಾಗದ ಬಿಚ್ಚಿದ ಕೂಡಲೇ ನನ್ನ ಅಕ್ಷರ ನೋಡಿ ನಗುತ್ತೀಯ ಎಂದು ಗೊತ್ತು. ನಗು. ಮಳವಳ್ಳಿ ಸ್ಕೂಲಿನ ಮೇಷ್ಟ್ರು ‘ಕೋಳಿ ಕೆದಕಿದ ತಿಪ್ಪೆ’ ಎಂದು ಹೆಸರಿಟ್ಟಿದ್ದ ಅಕ್ಷರ ಇದೇ. ಈಗ ಇದೇ ಅಕ್ಷರ ಇಲ್ಲಿನ ಕ್ಷಯದ ಆಸ್ಪತ್ರೆಯ ರಿಜಿಸ್ಟರಿನಲ್ಲಿ ದಿನಕ್ಕೆ ಮೂವತ್ತು ನಲವತ್ತು ಜನರ ಹಣೆಬರಹ ಬರೆಯುತ್ತಿದೆ. ಮುತ್ತಿನಂಥ ಅಕ್ಷರದ ನೀನು ರೇಷ್ಮೆ ನೂಲಿಗೆ ಬಣ್ಣ ಅದ್ದಿಕೊಂಡು ಕೂತಿದ್ದೀಯ. ದೇವರ ನ್ಯಾಯ ನೋಡು.

ಒಂದು ಉಪಕಾರ ಬೇಕು. ನಿಮ್ಮ ಅಬ್ಬಾ ಇದ್ದಾಗ ತರಿಸುತ್ತಿದ್ದ ಜರ್ಮನ್ ಹಳದಿ ಪುಡಿ, ತಗಡಿನ ಡಬ್ಬಿಯದು, ಅಟ್ಟದ ಮೇಲೆ ಉಳಿದಿದೆಯೇ? ಯುದ್ಧ ಶುರುವಾದ ಮೇಲೆ ಅದು ಬೆಂಗಳೂರಿನ ಯಾವ ಅಂಗಡಿಯಲ್ಲೂ ಇಲ್ಲ. ಅದಿಲ್ಲದೆ ನನ್ನ ದೀಪ ಕುರುಡು.

ಯಾವ ದೀಪ ಅಂತೀಯ. ಕೇಳು. ಕ್ಷಯದ ಕ್ರಿಮಿಗೆ ಮೇಣ ಬಳಿದಂಥ ಮೈ. ಬಣ್ಣ ಸುಲಭಕ್ಕೆ ಹಿಡಿಯುವುದಿಲ್ಲ, ಹಿಡಿದರೆ ಆಸಿಡ್ಡಿಗೂ ಬಿಡುವುದಿಲ್ಲ. ಕಫವನ್ನು ಗಾಜಿನ ಸ್ಲೈಡಿನ ಮೇಲೆ ಸವರಿ ಒಣಗಿಸಿ ಈ ಹಳದಿ ಹಾಕುತ್ತೇವೆ. ಆಸಿಡ್ಡು ಬೆರೆಸಿದ ಸ್ಪಿರಿಟ್ಟಿನಲ್ಲಿ ತೊಳೆಯುತ್ತೇವೆ. ಕಾಲರಾ ಬಂದಾಗ ಊರ ಬಾವಿಗೆ ಹಾಕುತ್ತಾರಲ್ಲ, ಆ ನೇರಳೆ ಪುಡಿಯ ನೀರು ಬಿಟ್ಟು ಮಿಕ್ಕ ಜಾಗವನ್ನೆಲ್ಲ ಮಂಕು ಮಾಡುತ್ತೇವೆ. ಆಮೇಲೆ ಕತ್ತಲೆ ಕೋಣೆ. ಪಾದರಸದ ದೀಪ, ಅದರ ಮುಂದೆ ಮೈಲುತುತ್ತದ ನೀಲಿ ನೀರು ತುಂಬಿದ ಗಾಜಿನ ಪೆಟ್ಟಿಗೆ. ನೀಲಿ ಬೆಳಕು ಮಾತ್ರ ದಾಟಿ ಬಂದು ಸ್ಲೈಡಿನ ಮೇಲೆ ಬೀಳುತ್ತದೆ. ಬಣ್ಣ ಹಿಡಿದದ್ದು ಆ ನೀಲಿಯನ್ನು ನುಂಗಿ ಹಳದಿಯಾಗಿ ಬೆಳಗುತ್ತದೆ. ಕಪ್ಪು ಹೊಲದಲ್ಲಿ ಹಳದಿ ಕಡ್ಡಿಗಳು. ಮೊದಲು ಒಂದೊಂದು ಸ್ಲೈಡಿಗೆ ಕಾಲು ಗಂಟೆ ಕಣ್ಣು ಕೀಳುತ್ತಿದ್ದೆ. ಈಗ ದೊಡ್ಡದು ಮಾಡಿ ನೋಡುವ ಗಾಜೂ ಬೇಡ, ಚಿಕ್ಕ ಗಾಜಿನಲ್ಲೇ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಆ ದೀಪದ ಕರೆಂಟು ಬರುವುದು ನಮ್ಮ ಶಿವನಸಮುದ್ರದಿಂದಲೇ. ಊರ ನೀರು ಇಲ್ಲಿ ನನ್ನ ಹೊಟ್ಟೆ ಹೊರೆಯುತ್ತಿದೆ.

ಹೊಳೆದದ್ದನ್ನೆಲ್ಲ ಹಳೇ ಪದ್ಧತಿಯ ಕೆಂಪು ಬಣ್ಣದಲ್ಲಿ ಇನ್ನೊಮ್ಮೆ ಅದ್ದಿ, ದೊಡ್ಡ ಗಾಜಿನಲ್ಲಿ ನೋಡಿ ಖಾತ್ರಿ ಮಾಡಬೇಕು ಎಂದು ನಮ್ಮ ಡಾಕ್ಟರ ನಿಯಮ. ಕೆಂಪು ಹಾಕಿದ ಸ್ಲೈಡು ಮತ್ತೆ ಹೊಳೆಯುವುದಿಲ್ಲ. ನನಗಂತೂ ಹೊಟ್ಟೆ ಉರಿಯುತ್ತದೆ. ನನ್ನ ಕೆಲಸ ಇನ್ನೂ ತಾತ್ಕಾಲಿಕ. ಈ ದೀಪವನ್ನು ನಾಲ್ಕು ಜನ ದೊಡ್ಡವರು ನೋಡಿ ಮೆಚ್ಚಿದರೆ ಖಾಯಂ ಆಗುತ್ತದೆ. ಅದಕ್ಕೇ ಡಬ್ಬಿ ಬೇಗ ಕಳಿಸು.

ಕಿರುಗಾವಲಿನಿಂದ ಅವ್ವ ಸಂತೆಗೆ ಬಂದರೆ ನಾನು ಚೆನ್ನಾಗಿದ್ದೇನೆ ಎನ್ನು.

ಚಲುವ


ಮಳವಳ್ಳಿ
೨೧ ಫೆಬ್ರವರಿ ೧೯೪೩

ಚಲುವ,

ಹಣೆಬರಹ ಬರೆಯುವ ನಿನ್ನ ಅಕ್ಷರವನ್ನು ಅಜೀಜಾಗೆ ತೋರಿಸಿದೆ. ‘ಇದು ಕನ್ನಡವಾ, ಇಲ್ಲ ಮೋಡಿ ಲಿಪಿಯಾ?’ ಎಂದಳು. ನನ್ನ ಹೆಂಡತಿಗೆ ಎರಡೂ ಬರುವುದಿಲ್ಲ, ಆದರೂ ಗೊತ್ತಾಯಿತು.

ಡಬ್ಬಿ ಸಿಕ್ಕಿತು. ಅರ್ಧದಷ್ಟಿದೆ, ಇಟ್ಟುಕೋ. ಮದುವೆ ಸೀರೆಯ ನೂಲಿಗೆಂದು ಎತ್ತಿಟ್ಟಿದ್ದೆ, ಈ ಯುದ್ಧದಲ್ಲಿ ಹಳದಿ ಸೀರೆ ಉಡುವವರು ಯಾರು. ಬಿಸಿಲಿಗೆ ಮಾತ್ರ ಇಡಬೇಡ, ಆ ಬಣ್ಣ ಬಿಸಿಲಿಗೆ ಹೆದರುತ್ತದೆ. ರೇಷ್ಮೆಗೆ ಒಮ್ಮೆ ಕೂತರೆ ನಿಂಬೆ ಹುಳಿಗೂ ಜಗ್ಗುವುದಿಲ್ಲ. ನಿನ್ನ ಕ್ರಿಮಿಗೆ ಮೇಣದ ಮೈಯಾದರೆ ನಮ್ಮ ರೇಷ್ಮೆ ಅದರ ಅಪ್ಪ.

ಈಗ ನನ್ನ ಉಪಕಾರ. ತಂಗಿ ತಾಹೇರಾ ಮದ್ದೂರಿನಿಂದ ಬಂದಿದ್ದಾಳೆ. ಎರಡು ತಿಂಗಳಿಂದ ಕೆಮ್ಮು, ಸಂಜೆ ಮೈ ಬೆಚ್ಚಗಾಗುತ್ತದೆ. ಎಂಟು ತಿಂಗಳ ಕಬೀರ್ ಇನ್ನೂ ಅವಳ ಹಾಲೇ ಕುಡಿಯುತ್ತಾನೆ. ಅವಳ ಗಂಡ ಮೆಹಬೂಬ್ ನಿನಗೆ ಗೊತ್ತಲ್ಲ, ಬಸ್ಸಿನ ಮೆಕ್ಯಾನಿಕ್ಕು. ಅವನು ಏನೂ ಅಂದಿಲ್ಲ. ಅವನ ತಾಯಿ ಹಬೀಬುನ್ನೀಸಾ ಮಾತ್ರ, ‘ತವರಲ್ಲಿ ಕೆಮ್ಮು ವಾಸಿ ಮಾಡ್ಕೊಂಡು ಬಾ’ ಎಂದು ಬಸ್ಸು ಹತ್ತಿಸಿದ್ದಾಳೆ. ಕ್ಷಯ ಎಂಬ ಮಾತನ್ನು ಯಾರೂ ಬಾಯಿಂದ ತೆಗೆದಿಲ್ಲ. ಎಲ್ಲರ ಕಣ್ಣಲ್ಲೂ ಅದೇ ಇದೆ.

ಡಬ್ಬಿಯ ಪಕ್ಕದಲ್ಲಿ ಒಂದು ಸಣ್ಣ ಬಾಟಲಿ ಇಟ್ಟಿದ್ದೇನೆ. ಬೆಳಗಿನ ಕಫ. ತಾಹೇರಾ ಬಾಟಲಿಯನ್ನು ಬೂದಿಯಲ್ಲಿ ತಿಕ್ಕಿ ಕುದಿಸಿದ್ದಾಳೆ. ಬೂಚು ಸಡಿಲವಿತ್ತು. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಈ ಬಸ್ಸಿನ ಕುಲುಕಾಟದಲ್ಲಿ ಸೋರಿದರೆ ಕಂಡಕ್ಟರು ಬಯ್ಯುತ್ತಾನೆಂದು ರೇಷ್ಮೆ ಚೂರು ಸುತ್ತಿ ಬಿಗಿ ಮಾಡಿದ್ದೇನೆ, ನಿನ್ನ ಪ್ರೀತಿಯ ಹಳದಿಯದೇ. ನನ್ನ ಜಾಣತನ ಮೆಚ್ಚಿಕೋ.

ನೋಡಿ ಹೇಳು. ಇದು ನಿನ್ನಲ್ಲಿ ನನ್ನಲ್ಲಿ ಇರಲಿ. ‘ಚಲುವಣ್ಣ ನೋಡಿದ್ರೆ ಸರಿಯಾಗಿ ನೋಡ್ತಾರೆ’ ಎಂದು ತಾಹೇರಾ ನಗುತ್ತಿದ್ದಾಳೆ.

ನಯಾಜ್


ಬೆಂಗಳೂರು
೨೭ ಫೆಬ್ರವರಿ ೧೯೪೩

ನಯಾಜ,

ಕೂತುಕೊಂಡು ಓದು. ಇದೆ.

ಒಂದೆರಡಲ್ಲ. ದೀಪ ಹಾಕಿದ ಕೂಡಲೇ ಕಣ್ಣು ಕುಕ್ಕಿತು. ಎರಡು ವರ್ಷದಲ್ಲಿ ಒಂದೇ ಸ್ಲೈಡಿನಲ್ಲಿ ಇಷ್ಟು ಹೊಳಪನ್ನು ನಾನು ನೋಡಿರಲಿಲ್ಲ. ನಮ್ಮ ತಾಹೇರಾದು ಎಂದು ಗೊತ್ತಿದ್ದರೂ ಬಹಳ ಹೊತ್ತು ನೋಡುತ್ತಲೇ ಇದ್ದೆ. ತಪ್ಪು ತಿಳಿಯಬೇಡ. ಖಾತ್ರಿಯೇ ಎಂದೂ ಕೇಳಬೇಡ. ಖಾತ್ರಿ.

ಹೇಳಿದ ಹಾಗೆ ಮಾಡು. ಮಗುವಿಗೆ ಹಾಲು ಇವತ್ತೇ ಬಿಡಿಸಬೇಕು. ಅವಳು ಮಗುವಿನಿಂದ, ನಿನ್ನ ಮಕ್ಕಳಿಂದ ನಾಲ್ಕು ಮಾರು ದೂರ ಇರಬೇಕು. ಮಾತಾಡುವಾಗ ಬಾಯಿಗೆ ಸೆರಗು. ತಟ್ಟೆ, ಲೋಟ, ಹಾಸಿಗೆ ಬೇರೆ. ಬೂದಿ ಹಾಕಿದ ಡಬ್ಬಿಯಲ್ಲಿ ಉಗಿದು ಸುಡಬೇಕು. ಗಾಳಿ, ಹಾಲು, ಮೊಟ್ಟೆ, ಮಲಗಿರುವುದು. ಇದನ್ನು ಬಿಟ್ಟರೆ ಇದಕ್ಕೆ ಔಷಧವಿಲ್ಲ.

ಬರೀ ಮಾತು ಎಂದು ಮನೆಯಲ್ಲಿ ಉದಾಸೀನ ಮಾಡಬಾರದು ಎಂದು ಆಸ್ಪತ್ರೆಯ ಚೀಟಿಯಲ್ಲೇ ಬರೆದು ಸೀಲು ಒತ್ತಿ ಸಹಿ ಹಾಕಿದ್ದೇನೆ. ಡಾಕ್ಟರು ಊರಲ್ಲಿಲ್ಲ. ನಿನಗೋಸ್ಕರ ನಾನೇ ಮಾಡಿದೆ.

ಧೈರ್ಯ ತಂದುಕೋ.

ಚಲುವ


ಮಳವಳ್ಳಿ
೧೪ ಮಾರ್ಚ್ ೧೯೪೩

ಚಲುವ,

ನೀನು ಹೇಳಿದ್ದೆಲ್ಲ ಆಯಿತು.

ನೂಲು ಒಣಗಿಸುವ ಹಿತ್ತಲ ಕೊಟ್ಟಿಗೆಯನ್ನು ಸಾರಿಸಿ ಅವಳಿಗೆ ಬಿಟ್ಟುಕೊಟ್ಟಿದ್ದೇವೆ. ಮೆಹಬೂಬ್ ಬಂದವನು ಚೀಟಿ ಕಿತ್ತುಕೊಂಡು ಹೋದ. ಎರಡು ದಿನಕ್ಕೆ ಹಬೀಬುನ್ನೀಸಾ ಬಂದು ಮಗುವನ್ನು ಎತ್ತಿಕೊಂಡಳು. ‘ಸೀಲ್ ಬಿದ್ದೈತಲ್ಲಪ್ಪ, ಸೀಲ್ ಮ್ಯಾಲೆ ನಾನೇನ್ ಮಾತಾಡ್ಲಿ’ ಎಂದಳು. ಅಷ್ಟೆ, ಜಗಳವಿಲ್ಲ. ತಾಹೇರಾ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು, ಬಾಯಿಗೆ ಸೆರಗು ಹಿಡಿದು, ನಾಲ್ಕು ಮಾರು ದೂರದಲ್ಲಿ. ನಾನೇ ಅಳೆದು ಅಲ್ಲೊಂದು ಕಲ್ಲು ಇಟ್ಟಿದ್ದೆ. ಮಗು ಅತ್ತಾಗ ಅವಳ ಕುಪ್ಪಸ ತೊಯ್ದುಹೋಯಿತು. ಅಜೀಜಾ ನಾಲ್ಕು ದಿನ ಮಲ್ಲಿಗೆ ಹೂ ಇಟ್ಟು ಎದೆಗೆ ಬಟ್ಟೆ ಬಿಗಿದಳು, ಹಾಲು ಬತ್ತಲಿ ಎಂದು. ಇದನ್ನೆಲ್ಲ ನಿನಗೆ ಬರೆಯಬಾರದು. ಇನ್ನು ಯಾರಿಗೆ ಬರೆಯಲಿ.

ಇನ್ನೊಂದು ವಿಷಯ. ನಿನ್ನ ಅವ್ವ ಹೊಂಬಾಳಮ್ಮ ಮೊನ್ನೆ ಸಂತೆಗೆ ಬಂದಳು. ಸೊಂಟದಿಂದ ಒಂದು ಕಾಗದ ತೆಗೆದು, ‘ನಮ್ಮೂರ ಅಂಕಯ್ಯನ ಕೈಲೇ ಓದ್ಸು ಅಂತ ಮೇಲೆ ಬರ್ದವ್ನಂತೆ, ಟಪಾಲ್ನೋನು ಏಳ್ದ. ಅಂಕಯ್ಯ ಊರಲ್ಲಿಲ್ಲ. ನೀನೇ ಓದು ಮಗ’ ಎಂದಳು. ಹತ್ತು ವರ್ಷದಿಂದ ನಾನೇ ಓದುವುದಲ್ಲವೇ. ಓದಿದೆ. ‘ನಯಾಜನ ಮನೆಯಲ್ಲಿ ಕ್ಷಯ ಇದೆ, ಆ ಕಡೆ ಹೋಗಬೇಡ, ಅವರ ಮನೆಯ ನೀರು ಮುಟ್ಟಬೇಡ’ ಎಂದಿತ್ತು. ನಿನ್ನ ಅಕ್ಷರ ಎಷ್ಟು ಕೆಟ್ಟದಾಗಿದ್ದರೂ ನನಗೆ ತಡವರಿಸುವುದಿಲ್ಲ. ಒಂದೂ ಬಿಡದೆ ಜೋರಾಗಿ ಓದಿದೆ.

ನಿನ್ನ ಅವ್ವ ಕೊನೆಯವರೆಗೂ ಕೇಳಿದಳು. ಆಮೇಲೆ, ‘ಅವ್ನು ಬರ್ದ, ನೀನ್ ಓದ್ದೆ, ನಾನ್ ಕೇಳ್ದೆ. ಮುಗೀತಲ್ಲ. ನಡಿ, ಆ ಎಣ್ಮಗೀನ್ ನೋಡ್ಕಂಡು ಓಯ್ತೀನಿ’ ಎಂದು ಎದ್ದಳು. ಕಲ್ಲು ದಾಟಿ ಹೋಗಿ ತಾಹೇರಾಳ ತಲೆ ಸವರಿದಳು. ಬೇಡ ಎಂದರೂ ಅವಳ ಲೋಟದಲ್ಲೇ ನೀರು ಕುಡಿದಳು.

ನೀನು ಬರೆದದ್ದು ತಪ್ಪಲ್ಲ. ನಿನ್ನ ತಾಯಿ. ನನ್ನ ಜಾಗದಲ್ಲಿದ್ದರೆ ನೀನೂ ಓದಿಯೇ ಓದುತ್ತಿದ್ದೆ.

ತಾಹೇರಾ ಕೇಳುತ್ತಾಳೆ: ‘ಆ ದೀಪ ತಪ್ಪು ಹೇಳಲ್ವಾ, ಭಾಯಿ?’ ನಾನು ಏನು ಹೇಳಲಿ? ಇನ್ನೊಂದು ಸಲ ನೋಡುತ್ತೀಯಾ?

ನಯಾಜ್


ಬೆಂಗಳೂರು
೨೦ ಮೇ ೧೯೪೩

ನಯಾಜ,

ತಡವಾಯಿತು. ಕೆಲಸ ತಲೆ ಮೇಲಿದೆ. ಅವ್ವನ ಕಾಗದದ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಬೇಡ, ವಯಸ್ಸಾದವಳು.

ಒಂದು ಒಳ್ಳೆಯ ಸುದ್ದಿ. ಕಳೆದ ತಿಂಗಳು ಮದ್ರಾಸಿನಿಂದ ಮಿಲಿಟರಿಯ ದೊಡ್ಡ ಡಾಕ್ಟರು ಬಂದಿದ್ದರು. ಕತ್ತಲೆ ಕೋಣೆಯಲ್ಲಿ ಅವರಿಗೆ ಹದಿನೇಳನೆಯ ಸ್ಲೈಡು ತೋರಿಸಿದೆ. ಕಣ್ಣು ತೆಗೆಯಲೇ ಇಲ್ಲ ಪುಣ್ಯಾತ್ಮ. ‘ಇಂಥದ್ದನ್ನು ಪಾಠ ಮಾಡೋಕೆ ಇಟ್ಟುಕೊಳ್ಳಬೇಕು’ ಎಂದರು. ನನ್ನ ಬೆನ್ನು ತಟ್ಟಿದರು. ಖಾಯಂ ಆರ್ಡರು ಬರುವುದು ಹೆಚ್ಚು ಕಡಿಮೆ ನಿಶ್ಚಯ. ಆ ಸ್ಲೈಡನ್ನು ಕಪ್ಪು ಕಾಗದದಲ್ಲಿ ಸುತ್ತಿ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಬೆಳಕಿಗೆ ಹೆದರುತ್ತದೆ ಎಂದು ನೀನು ಹೇಳಿದ್ದು ಉಪಯೋಗಕ್ಕೆ ಬಂತು.

ಅದು ತಾಹೇರಾದು. ಒಂದು ರೀತಿಯಲ್ಲಿ ಅವಳಿಂದಲೇ ನನಗೆ ಅನ್ನ.

ಮತ್ತೆ ಪರೀಕ್ಷೆ ಬೇಕಾಗಿಲ್ಲ. ಅಷ್ಟು ಸ್ಪಷ್ಟವಾಗಿದ್ದದ್ದನ್ನು ಎರಡು ಸಲ ನೋಡುವವರು ಯಾರು.

ಚಲುವ


ಮಳವಳ್ಳಿ
೮ ನವೆಂಬರ್ ೧೯೪೩

ಚಲುವ,

ನಿನ್ನ ಕೆಲಸ ಖಾಯಂ ಆಗಲಿ. ನಿನ್ನ ಕಾಗದವನ್ನು ತಾಹೇರಾಗೆ ಓದಿ ಹೇಳಲಿಲ್ಲ. ಅಷ್ಟರಮಟ್ಟಿಗೆ ನನಗೆ ಬುದ್ಧಿ ಇದೆ.

ಈಗ ನಾನು ಹೇಳುವುದನ್ನು ನೀನು ಕೂತುಕೊಂಡು ಓದು. ಮಳೆಗಾಲ ಬರುವ ಮೊದಲೇ ಅವಳ ಕೆಮ್ಮು ನಿಂತುಹೋಯಿತು. ಆರು ತಿಂಗಳಾಯಿತು, ಒಂದು ಸಲ ಗಂಟಲು ಸರಿ ಮಾಡಿಕೊಂಡದ್ದೂ ಇಲ್ಲ. ಮೈ ಬೆಚ್ಚಗಾಗುವುದೂ ಇಲ್ಲ. ತೂಗಿ ನೋಡಿದರೆ ಮದುವೆಗೆ ಮೊದಲು ಇದ್ದದ್ದಕ್ಕಿಂತ ಜಾಸ್ತಿ ಇದ್ದಾಳೆ. ಕ್ಷಯ ಬಂದವರು ಹೀಗಾಗುತ್ತಾರೆಯೇ? ನಮ್ಮ ಓಣಿಯಲ್ಲಿ ಕ್ಷಯದಿಂದ ಹೋದವರನ್ನು ನಾನೂ ನೋಡಿದ್ದೇನೆ. ಕೊನೆಗೆ ಮೂಳೆಯೂ ಭಾರವಿರಲಿಲ್ಲ.

ರಂಜಾನ್ ಹಬ್ಬಕ್ಕೆ ಅಜೀಜಾ ಮದ್ದೂರಿಗೆ ಹೋಗಿ ಮಗುವನ್ನು ನೋಡಿ ಬಂದಳು. ನಡೆಯುತ್ತಾನೆ. ಹಬೀಬುನ್ನೀಸಾಳನ್ನು ಅಮ್ಮಿ ಎನ್ನುತ್ತಾನೆ. ಮೆಹಬೂಬನಿಗೆ ಇನ್ನೊಂದು ಹೆಣ್ಣು ನೋಡುತ್ತಿದ್ದಾರೆ. ‘ಆ ಚೀಟಿ ಸುಳ್ಳು ಅಂತ ಇನ್ನೊಂದು ಚೀಟಿ ತನ್ನಿ, ನಾನೇ ಬಂದು ಕರ್ಕೊಂಡು ಹೋಗ್ತೀನಿ’ ಎಂದು ಮೆಹಬೂಬ್ ಹೇಳಿದನಂತೆ. ಹುಡುಗ ಕೆಟ್ಟವನಲ್ಲ. ತಾಯಿಗೆ ಎದುರು ಮಾತಾಡುವವನೂ ಅಲ್ಲ. ಯುಗಾದಿಯವರೆಗೆ ಕಾಯುತ್ತಾನೆ.

ಅದಕ್ಕೆ ಇನ್ನೊಂದು ಬಾಟಲಿ ಕಳಿಸಿದ್ದೇನೆ. ಕೆಮ್ಮಿಲ್ಲದವಳ ಕೈಯಲ್ಲಿ ಕಫ ತೆಗೆಸಬೇಕಾದರೆ ಬಿಸಿ ಉಪ್ಪುನೀರಿನ ಆವಿ ಕೊಡಬೇಕಾಯಿತು. ಆಸ್ಪತ್ರೆಯ ಕಾಂಪೌಂಡರನಿಂದ ಹೊಸ ಬಾಟಲಿ, ರಬ್ಬರು ಬೂಚು ತಂದಿದ್ದೇನೆ. ಹೊಟ್ಟಿನಲ್ಲಿ ಹೂತು ಮರದ ಪೆಟ್ಟಿಗೆಗೆ ಹಾಕಿದ್ದೇನೆ.

ನೀನು ಬೇಗ ಬರೆಯದಿರುವುದು ನನಗೆ ನೋವಾಗಬಾರದೆಂದೇ, ಅದನ್ನು ನಾನು ಬಲ್ಲೆ. ನೋವಾದರೂ ಪರವಾಗಿಲ್ಲ, ಬರೆ.

ನಯಾಜ್


ಬೆಂಗಳೂರು
೧೧ ಜನವರಿ ೧೯೪೪

ನಯಾಜ,

ಎರಡನೆಯ ಬಾಟಲಿ ದಾರಿಯಲ್ಲಿ ಒಡೆದುಹೋಗಿತ್ತು. ಏನೂ ಮಾಡಲಾಗಲಿಲ್ಲ. ಇನ್ನೊಂದು ಕಳಿಸಬೇಡ. ನನ್ನನ್ನು ಮದ್ರಾಸಿಗೆ ಆರು ತಿಂಗಳ ಟ್ರೈನಿಂಗಿಗೆ ಹಾಕಿದ್ದಾರೆ, ಇಲ್ಲಿರುವುದಿಲ್ಲ.

ಈ ರೋಗ ಒಮ್ಮೊಮ್ಮೆ ವಾಸಿಯಾದಂತೆ ಕಾಣುತ್ತದೆ. ನಂಬಬಾರದು. ಹುಷಾರಾಗಿರಿ.

ಚಲುವರಾಜು


ಮಳವಳ್ಳಿ
೨ ಏಪ್ರಿಲ್ ೧೯೪೪

ಚಲುವ,

ಮರದ ಪೆಟ್ಟಿಗೆ, ಹೊಟ್ಟಿನೊಳಗೆ ರಬ್ಬರು ಬೂಚಿನ ಬಾಟಲಿ, ಅದು ಒಡೆಯಿತು. ನಮ್ಮ ತಾಹೇರಾಳ ಅದೃಷ್ಟ ಎಷ್ಟು ಗಟ್ಟಿ ನೋಡು, ಹೊಟ್ಟನ್ನೂ ತೂರಿಕೊಂಡು ಹೋಗಿ ಹೊಡೆಯುತ್ತದೆ.

ಮೆಹಬೂಬನ ನಿಕಾ ಮೊನ್ನೆ ಶುಕ್ರವಾರ ಆಯಿತು. ಹುಡುಗಿ ಚನ್ನಪಟ್ಟಣದವಳು. ನನ್ನನ್ನೂ ಕರೆದಿದ್ದರು. ನಿಕಾದ ಓಢಣಿಗೆ ಬೇಕಾದ ನೂಲಿಗೆ ಬಣ್ಣ ಹಾಕಲು ನಮ್ಮಲ್ಲಿಗೇ ಕಳಿಸಿದ್ದರು, ಬೇರೆ ಯಾರಿಗೂ ಆ ಬಣ್ಣ ಬರುವುದಿಲ್ಲ ಎಂದು. ತಾಹೇರಾ ತಾನೇ ಅದ್ದಿದಳು. ನಾನು ಬೇಡ ಎಂದೆ. ‘ಬಣ್ಣಕ್ಕೆ ಕ್ಷಯ ಹತ್ತಲ್ಲ ಬಿಡು ಭಾಯಿ’ ಎಂದಳು.

ಇನ್ನು ಬರೆಯಲು ಏನೂ ಇಲ್ಲ. ನಿನ್ನ ಅವ್ವನ ಕಾಗದಗಳನ್ನು ಓದಿ ಹೇಳುತ್ತೇನೆ, ಅದಕ್ಕೆ ಯೋಚನೆ ಬೇಡ.

ನಯಾಜ್


ಬೆಂಗಳೂರು
೨೯ ಡಿಸೆಂಬರ್ ೧೯೪೬

ನಯಾಜ,

ಎರಡೂವರೆ ವರ್ಷಕ್ಕೂ ಮೇಲಾಯಿತು. ಈ ಕಾಗದವನ್ನು ಅಷ್ಟು ದಿನದಿಂದಲೂ ತಲೆಯಲ್ಲಿ ಬರೆಯುತ್ತಿದ್ದೇನೆ. ಇಂದು ಕೈಗೆ ಬಂತು.

ನಮ್ಮಲ್ಲಿಗೆ ಹೊಸ ಡಾಕ್ಟರು ಬಂದಿದ್ದಾರೆ. ಪಾಠಕ್ಕೆ ಇಟ್ಟುಕೊಂಡ ಹಳೇ ಸ್ಲೈಡುಗಳನ್ನೆಲ್ಲ ಕೆಂಪಿನಲ್ಲಿ ಅದ್ದಿ ಮತ್ತೆ ನೋಡಿ ಎಂದು ಆರ್ಡರು ಮಾಡಿದರು. ಹೋದ ವಾರ ಹದಿನೇಳನೆಯದನ್ನು ಅದ್ದಿದರು. ಅದ್ದಿದ್ದು ನಾನಲ್ಲ. ದೊಡ್ಡ ಗಾಜಿನಲ್ಲಿ ನೋಡಿದರೆ ಒಂದೇ ಒಂದು ಕ್ರಿಮಿ ಇಲ್ಲ. ಉದ್ದುದ್ದ, ತುದಿ ಸೀಳಿದ ಚೂರುಗಳು. ‘ಇದು ಯಾವುದೋ ನೂಲು ಕಣ್ರೀ. ಇದನ್ನ ಪಾಸ್ ಮಾಡಿದವರು ಯಾರು?’ ಎಂದು ಡಾಕ್ಟರು ಎಲ್ಲರ ಮುಂದೆ ಕೇಳಿದರು. ರಿಜಿಸ್ಟರಿನಲ್ಲಿ ನನ್ನ ಅಕ್ಷರ. ನೀನೇ ಹೇಳಿದ್ದೆಯಲ್ಲ, ರೇಷ್ಮೆಗೆ ಕೂತ ಹಳದಿ ಹುಳಿಗೂ ಜಗ್ಗುವುದಿಲ್ಲ ಎಂದು. ನಿನ್ನ ಆ ಕಾಗದ ಪೆಟ್ಟಿಗೆಯಲ್ಲೇ ಇತ್ತು. ಬೂಚಿಗೆ ರೇಷ್ಮೆ ಸುತ್ತಿದ್ದೇನೆ, ಹಳದಿಯದು ಎಂದು ನೀನು ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದೀಯ.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ನಿಲ್ಲಿಸುವುದಿಲ್ಲ. ಎರಡನೆಯ ಬಾಟಲಿ ಒಡೆದಿರಲಿಲ್ಲ. ಹಳದಿಯಲ್ಲೂ ನೋಡಿದೆ, ಕೆಂಪಿನಲ್ಲೂ ನೋಡಿದೆ. ಮೂರು ದಿನ ನೋಡಿದೆ, ಏನೂ ಇರಲಿಲ್ಲ. ಆಗ ನಿನ್ನ ಹಳೇ ಕಾಗದ ತೆಗೆದು ಓದಿದೆ. ಅವತ್ತೇ ಗೊತ್ತಾಯಿತು. ನನ್ನ ಖಾಯಂ ಆರ್ಡರು ಬಂದು ಒಂಬತ್ತು ದಿನವಾಗಿತ್ತು. ಹದಿನೇಳನೆಯ ಸ್ಲೈಡು ತಪ್ಪು ಎಂದರೆ ದೀಪವೇ ತಪ್ಪು ಎನ್ನುತ್ತಾರೆ, ನಾನು ಮನೆಗೆ. ದೀಪದ ತಪ್ಪೇನೂ ಇರಲಿಲ್ಲ, ನಯಾಜ. ಎಷ್ಟೋ ಜನರ ರೋಗವನ್ನು ಅದು ಹೊತ್ತಿಗೆ ಮುಂಚೆ ಹಿಡಿದುಕೊಟ್ಟಿದೆ. ಕೆಂಪಿನಲ್ಲಿ ಅದ್ದಿ ನೋಡು ಎಂಬ ನಿಯಮವನ್ನು ನಾನು ಮುರಿದೆ. ಅದ್ದಿದರೆ ಆ ಹೊಳಪು ಹೋಗುತ್ತದೆ, ತೋರಿಸಲು ಬೇರೊಂದು ಸ್ಲೈಡಿಲ್ಲ ಎಂಬ ಒಂದೇ ಕಾರಣಕ್ಕೆ. ಒಂದು ತೊಟ್ಟು ಕೆಂಪು ಬಣ್ಣ, ಐದು ನಿಮಿಷದ ಕೆಲಸ.

ಡಾಕ್ಟರು ಬಯ್ದರು. ಕೆಲಸ ಹೋಗಲಿಲ್ಲ. ಮನಸ್ಸಾಕ್ಷಿ ತಡೆಯದೆ ಬರೆಯುತ್ತಿದ್ದೇನೆ. ತಾಹೇರಾಗೆ ಕ್ಷಯ ಇರಲಿಲ್ಲ, ಇಲ್ಲ ಎಂದು ಆಸ್ಪತ್ರೆಯ ಚೀಟಿಯಲ್ಲಿ ಬರೆದು ಸೀಲು ಹಾಕಿ ಇದರ ಜೊತೆ ಇಟ್ಟಿದ್ದೇನೆ. ಇದನ್ನು ಮದ್ದೂರಿನಲ್ಲಿ ತೋರಿಸು. ಮಗು ತಾಯಿಯ ಹತ್ತಿರ ಬರಲಿ.

ನನ್ನನ್ನು ಬಯ್ಯಿ. ಆದರೆ ಬರೆ.

ಚಲುವ


ಮಳವಳ್ಳಿ
೧೯ ಜನವರಿ ೧೯೪೭

ಚಲುವರಾಜು ಅವರಿಗೆ,

ನೀವು ಎಂದು ಬರೆಯೋಣವೆಂದೇ ಕೂತೆ. ಎರಡು ಕಾಗದ ಹರಿದೆ. ಕೈ ಕೇಳುವುದಿಲ್ಲ. ಚಾಳಿ ಎನ್ನುವುದು ಕೆಟ್ಟದ್ದು, ಅದನ್ನು ಆಮೇಲೆ ಹೇಳುತ್ತೇನೆ.

ಮನಸ್ಸಾಕ್ಷಿ ಎಂದು ಬರೆದಿದ್ದೀಯ. ಹೋದ ವಾರ ಇನ್ನೊಬ್ಬರು ಆ ಗಾಜನ್ನು ಅದ್ದದೇ ಇದ್ದಿದ್ದರೆ ನಿನ್ನ ಮನಸ್ಸಾಕ್ಷಿ ಇನ್ನೂ ಕಪ್ಪು ಕಾಗದ ಹೊದ್ದು ಡ್ರಾಯರಿನಲ್ಲೇ ಮಲಗಿರುತ್ತಿತ್ತು. ಬಯ್ಯಿ ಎಂದಿದ್ದೀಯ. ಮೂರು ದಿನ ಒಬ್ಬನೇ ಬಯ್ದೆ. ಬಣ್ಣದ ಹಂಡೆಯ ಮುಂದೆ ನಿಂತು, ಕಿರುಗಾವಲಿನವರೆಗೆ ಕೇಳಿಸುವಂತೆ ಬಯ್ದೆ. ಈಗ ಬತ್ತಿಹೋಗಿದೆ.

ಬತ್ತುವುದಕ್ಕೆ ಕಾರಣ ಇದೆ. ನಾನೂ ಒಂದು ಸುಳ್ಳು ಬರೆದಿದ್ದೆ. ಮೆಹಬೂಬ್ ಚೀಟಿ ಕಿತ್ತುಕೊಂಡು ಹೋದ ಎಂದಿದ್ದೆನಲ್ಲ. ಅವನು ಬಂದೇ ಇರಲಿಲ್ಲ. ಚೀಟಿ ಹಿಡಿದು ಮದ್ದೂರಿಗೆ ಹೋದವನು ನಾನು. ಮಗುವನ್ನು ಕರೆದುಕೊಂಡು ಹೋಗಿ ಎಂದವನೂ ನಾನೇ. ನನ್ನ ಹೆಣ್ಣುಮಕ್ಕಳಿಬ್ಬರೂ ಅವಳ ಮಗ್ಗುಲಲ್ಲೇ ಮಲಗುತ್ತಿದ್ದರು. ಹೆದರಿದೆ. ಬೂಚಿಗೆ ರೇಷ್ಮೆ ಸುತ್ತಿದವನು, ಚೀಟಿ ಹೊತ್ತವನು, ಕಲ್ಲು ಇಟ್ಟವನು ಎಲ್ಲ ನಾನೇ. ನಿನ್ನನ್ನು ಬಯ್ಯುವಾಗ ಅರ್ಧ ನನ್ನ ಮೇಲೇ ಬೀಳುತ್ತಿತ್ತು. ತಾಹೇರಾಗೆ ಎರಡನ್ನೂ ಹೇಳಿದೆ, ನಿನ್ನದನ್ನೂ ನನ್ನದನ್ನೂ. ಅವಳು ಒಂದೇ ಕೇಳಿದಳು: ‘ಅಷ್ಟು ಚೆನ್ನಾಗಿ ಹೊಳೀತಿತ್ತಾ?’

ಹೊಸ ಚೀಟಿಯನ್ನು ಮದ್ದೂರಿಗೆ ತೆಗೆದುಕೊಂಡು ಹೋದೆ. ಹಬೀಬುನ್ನೀಸಾ ಕುರಾನಿನ ಗೂಡಿನಿಂದ ಹಳೇ ಚೀಟಿ ತೆಗೆದಳು. ಎರಡನ್ನೂ ಚಾಪೆಯ ಮೇಲೆ ಪಕ್ಕ ಪಕ್ಕ ಇಟ್ಟಳು. ಅವಳಿಗೆ ಓದು ಬಾರದು, ಸಹಿ ಮಾತ್ರ ಬೆರಳಿಟ್ಟು ನೋಡಿದಳು. ‘ಅವತ್ತೂ ಇದೇ ಸೀಲು, ಇದೇ ರುಜು. ಇವತ್ತೂ ಇದೇ. ಅವತ್ತು ನಂಬಿ ಸೊಸೇನ ಬಿಟ್ಟೆ. ಇವತ್ತು ಇದನ್ನ ನಂಬಿ ಮೊಮ್ಮಗನ್ನ ಬಿಡ್ಲಾ? ನಾಳೆ ಮೂರನೇದು ಬಂದ್ರೆ?’ ಎಂದಳು. ಇದಕ್ಕೆ ಉತ್ತರ ನಿನ್ನಲ್ಲಿದ್ದರೆ ಅವಳಿಗೇ ಬರೆ.

ಮೆಹಬೂಬ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಹೋದ ಶುಕ್ರವಾರ ನಮಾಜು ಮುಗಿಸಿ, ತಾಯಿಗೆ ಹೇಳದೆ, ಕಬೀರನನ್ನು ಬಸ್ಸಿಗೆ ಹತ್ತಿಸಿಕೊಂಡು ಬಂದ. ನಾಲ್ಕೂವರೆ ವರ್ಷದ ಹುಡುಗ. ಹೊಸ ಟೋಪಿ. ತಾಹೇರಾಳ ಹಣೆ, ತಾಹೇರಾಳ ಹುಬ್ಬು. ಹಿತ್ತಲಲ್ಲಿ ನಾನಿಟ್ಟ ಆ ಕಲ್ಲಿನ ಹತ್ತಿರ ನಿಂತು ನೂಲು ಒಣಗುವುದನ್ನು ನೋಡುತ್ತಿದ್ದ.

ತಾಹೇರಾ ಕೊಟ್ಟಿಗೆಯಿಂದ ಹೊರಗೆ ಬಂದಳು. ನಾಲ್ಕು ವರ್ಷ ಅವಳು ಈ ಹೊತ್ತಿಗಾಗಿ ಕಾದಿದ್ದಳು. ಓಡಿ ಬಂದು ಎತ್ತಿಕೊಳ್ಳುತ್ತಾಳೆ ಎಂದುಕೊಂಡೆ. ಎರಡು ಹೆಜ್ಜೆ ಬಂದವಳು ನಿಂತಳು. ಕೈ ತಾನಾಗಿ ಮೇಲೆ ಹೋಯಿತು, ಸೆರಗು ಬಾಯಿಗೆ ಬಂತು. ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದಳು. ‘ಹೋಗಮ್ಮ, ನಿನಗೆ ಏನೂ ಇಲ್ಲ, ಚೀಟಿ ಬಂದಿದೆಯಲ್ಲ’ ಎಂದೆ. ‘ಗೊತ್ತು ಭಾಯಿ’ ಎಂದಳು. ‘ಕಾಲು ಬರಲ್ಲ.’ ಈಗಲೂ ಅವಳ ಲೋಟ ಬೇರೆ. ಬೇಡ ಎಂದು ಅಜೀಜಾ ತೆಗೆದುಕೊಂಡರೆ ಮತ್ತೆ ಹುಡುಕಿ ತಂದು ಬೋರಲು ಹಾಕುತ್ತಾಳೆ. ನೀನು ಬರೆದದ್ದನ್ನು ಒಂದೂ ಬಿಡದೆ ಕಲಿತಿದ್ದಾಳೆ, ಚಲುವ. ನಿನ್ನ ಎರಡನೆಯ ಚೀಟಿಯಿಂದ ಅದು ಮರೆಯುವುದಿಲ್ಲ.

ಹುಡುಗ ಅವಳನ್ನೇ ನೋಡಿದ. ಅಮ್ಮಿ ಎಂದು ಕರೆಯಲು ಬಸ್ಸಿನಲ್ಲಿ ಅಪ್ಪ ಹೇಳಿಕೊಟ್ಟಿದ್ದನಂತೆ, ಕರೆಯಲಿಲ್ಲ. ತನ್ನ ಅಂಗಿಯನ್ನು ಎತ್ತಿ ಮೂಸಿ ನೋಡಿಕೊಂಡ. ಆಮೇಲೆ ಅಪ್ಪನ ಕೈ ಜಗ್ಗಿ ಕೇಳಿದ:

‘ಅವ್ರು ಯಾಕೆ ಮೂಗು ಮುಚ್ಕೊಂಡವ್ರೆ? ನಾನು ವಾಸ್ನೆ ಬತ್ತೀನಾ?’

ಇಲ್ಲ ಕಂದ, ನೀನಲ್ಲ ಎಂದಳು ತಾಹೇರಾ. ಅದನ್ನು ಹೇಳುವಾಗಲೂ ಸೆರಗು ತೆಗೆಯಲಿಲ್ಲ. ಐದು ಗಂಟೆಯ ಬಸ್ಸಿಗೆ ಅವರು ಹೊರಟುಹೋದರು.

ನಯಾಜ್ ಪಾಷಾ